ಜ್ವರದ ಮಗು ಮತ್ತು ಕಾಯುವ ಕೆಲಸ

ಕನ್ನಡದ ‘ಕಾಯು’ ಎಂಬ ಕ್ರಿಯಾಪದಕ್ಕೆ ಮೂರು ಅರ್ಥಗಳಿವೆ. ಒಲೆಯ ಮೇಲಿನ ನೀರು ಕಾಯುತ್ತದೆ, ಬಸ್ಸಿಗಾಗಿ ನಾವು ಕಾಯುತ್ತೇವೆ, ಗದ್ದೆಯ ಪೈರನ್ನು ಯಾರಾದರೊಬ್ಬರು ಕಾಯುತ್ತಾರೆ. ಜ್ವರ ಬಂದ ಮಗುವಿನ ಪಕ್ಕ ಕೂತವರಿಗೆ ಈ ಮೂರೂ ಒಟ್ಟಿಗೆ ಎದುರಾಗುತ್ತವೆ. ಮಗುವಿನ ಮೈ ಕಾಯುತ್ತಿರುತ್ತದೆ, ನಾವು ಕಾಯುತ್ತಿರುತ್ತೇವೆ. ಆದರೆ ಹಾಗೆ ಕೂತದ್ದರಿಂದ ಮಗುವನ್ನು ಕಾದಂತಾಯಿತೇ ಎಂಬುದು ಮಾತ್ರ ಖಚಿತವಿರುವುದಿಲ್ಲ. ಔಷಧಿ ಕೊಡದೆ ನೋಡುತ್ತಿರುವುದು ಆರೈಕೆಯೋ, ಉದಾಸೀನವೋ?

ಮಳೆಗಾಲದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಮಕ್ಕಳ ಕೆಮ್ಮು ಮಾಡಿನ ಮೇಲಿನ ಮಳೆಯ ಸದ್ದಿನಷ್ಟೇ ಸಾಮಾನ್ಯ. ಕಳೆದ ಮಳೆಗಾಲದಲ್ಲಿ ನಾನು ಬ್ರಹ್ಮಾವರದ ಅಕ್ಕನ ಮನೆಯಲ್ಲಿದ್ದಾಗ ಅವಳ ಎರಡೂವರೆ ವರ್ಷದ ಮಗನಿಗೆ ಜ್ವರ, ಕೆಮ್ಮು ಬಂತು. ವೈದ್ಯರು ಎದೆ ಪರೀಕ್ಷಿಸಿದರು, ತೂಕ ನೋಡಿ ಪ್ಯಾರಾಸಿಟಮಾಲ್ ಬರೆದರು, ಕೆಮ್ಮಿಗೆ ಏನನ್ನೂ ಬರೆಯಲಿಲ್ಲ. “ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 40 ಮುಟ್ಟಿದರೆ, ಉಸಿರೆಳೆಯುವಾಗ ಪಕ್ಕೆ ಒಳಸೆಳೆದರೆ, ನೀರು ಕುಡಿಯದಿದ್ದರೆ, ಮಂಕಾಗಿದ್ದರೆ ರಾತ್ರಿಯಾದರೂ ಸರಿ, ಕರೆದುಕೊಂಡು ಬನ್ನಿ” ಎಂದರು. ಮನೆಗೆ ಬಂದಾಗ ಅಮ್ಮನ ಮೊದಲ ಮಾತು: “ಅಷ್ಟ್ ದೂರ ಹೋಯಿ ಎಂತದೂ ಕೊಡ್ಲಿಲ್ಯಾ?”

ಅಮ್ಮನದು ಅಜ್ಞಾನದ ಮಾತಲ್ಲ. ನರಳುವವರ ಎದುರು ಕೈಕಟ್ಟಿ ಕೂರಬಾರದು ಎಂಬುದು ನೈತಿಕತೆಯ ಮೊದಲ ಪಾಠ. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡುವುದು, ಜೀರಿಗೆ ಕಷಾಯ ಕುದಿಸುವುದು, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುವುದು ಎಲ್ಲವೂ ಆ ಪಾಠದಿಂದಲೇ ಹುಟ್ಟಿದವು. ಅಂಗಡಿಯ ಸಿರಪ್ ಬಾಟಲಿಯೂ ಅದೇ ಸಾಲಿಗೆ ಸೇರುತ್ತದೆ. ಇವೆಲ್ಲ ದಿಕ್ಕು ತೋಚದ ಕೈಗೆ ಒಂದು ಕೆಲಸ ಕೊಡುತ್ತವೆ. ಆದರೆ ಕೈಗೆ ಕೆಲಸ ಸಿಕ್ಕಾಗ ಶಮನವಾಗುವುದು ಯಾರ ಸಂಕಟ?

ಅಮೆರಿಕದ ತತ್ವಚಿಂತಕಿ ನೆಲ್ ನಾಡಿಂಗ್ಸ್ 1984ರ ‘ಕೇರಿಂಗ್’ ಕೃತಿಯಲ್ಲಿ ಆರೈಕೆ ಪೂರ್ಣವಾಗುವುದು ಆರೈಕೆ ಪಡೆದವರ ಸ್ಪಂದನದಲ್ಲಿ ಎಂದು ವಾದಿಸುತ್ತಾರೆ. ಮಾತು ಬಾರದ ಮಗುವಿನ ವಿಷಯದಲ್ಲಿ ತೊಡಕು ಇರುವುದು ಇಲ್ಲಿಯೇ. ಅದರ ಸ್ಪಂದನವನ್ನು ನಾವೇ ಓದಬೇಕು, ನಮಗೆ ಬೇಕಾದ ಹಾಗೆ ಓದಿಬಿಡುವುದೂ ಸುಲಭ. ಅನೇಕ ಕೆಮ್ಮಿನ ಸಿರಪ್‌ಗಳಲ್ಲಿ ನಿದ್ದೆ ಬರಿಸುವ ಅಂಶವಿರುತ್ತದೆ. ಮಗು ನಿದ್ದೆ ಹೋದರೆ ‘ಗುಣವಾಯಿತು’ ಎಂದುಕೊಳ್ಳುತ್ತೇವೆ. ನಿಜವಾಗಿ ಮನೆ ನಿಶ್ಶಬ್ದವಾಗಿರುತ್ತದೆ, ಅಷ್ಟೆ. ಕೆಮ್ಮೋ, ಶ್ವಾಸಕೋಶವನ್ನು ಶುಚಿಗೊಳಿಸಲು ದೇಹ ಮಾಡುತ್ತಿದ್ದ ಕೆಲಸ.

2025ರ ಸೆಪ್ಟೆಂಬರ್ ಆಸುಪಾಸಿನಲ್ಲಿ ಮಧ್ಯಪ್ರದೇಶದ ಛಿಂದ್ವಾರ ಕಡೆ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ತೀರಿಕೊಂಡರು. ಅವರಿಗೆ ಕೊಟ್ಟಿದ್ದ ‘ಕೋಲ್ಡ್ರಿಫ್’ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48ಕ್ಕೂ ಹೆಚ್ಚಿತ್ತು. ಇರಬಹುದಾದ ಮಿತಿ ಶೇ. 0.1. ಅಮೆರಿಕದಲ್ಲಿ 1937ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ ರಾಸಾಯನಿಕ. ಅಕ್ಟೋಬರ್ 3ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧಿ ಬರೆಯಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಅದು ಸೂಕ್ತವಲ್ಲ ಎಂದು ಸಲಹೆ ನೀಡಿತು. ಆ ತಂದೆತಾಯಿಯರು ಮಾಡಿದ್ದು ಅವರಿಗೆ ಗೊತ್ತಿದ್ದ ಒಳ್ಳೆಯ ಕೆಲಸವನ್ನೇ. ಅಪರಾಧ ವಿಷ ಬೆರೆತ ಕಡೆ, ಅದನ್ನು ಪರೀಕ್ಷಿಸದೆ ಬಿಟ್ಟ ಕಡೆ ಇದೆ. ಆದರೂ ಮನಸ್ಸನ್ನು ಕೊರೆಯುವ ಸಂಗತಿ ಒಂದುಂಟು. ಹೆಚ್ಚಿನ ಮಕ್ಕಳ ಕೆಮ್ಮು ವೈರಸ್ಸಿನಿಂದ ಬರುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಬಾಟಲಿಯ ಅಗತ್ಯವೇ ಇಲ್ಲದ ಕಡೆ ಬಾಟಲಿ ಬಂದಿರುತ್ತದೆ.

ಹಾಗಾದರೆ ಕಾಯುವುದೇ ಸರಿ ಎಂದು ಹೇಳಿ ಮುಗಿಸಬಹುದೇ? ಕಾಯಲು ಸಮಯ ಬೇಕು, ಸಮಯ ಎಲ್ಲರ ಬಳಿಯೂ ಇರುವುದಿಲ್ಲ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯಿದೆ. ನಮ್ಮೂರ ಗೇರುಬೀಜದ ಕಾರ್ಖಾನೆಯ ಹೆಂಗಸಿಗೆ ಹೋದ ದಿನಕ್ಕಷ್ಟೇ ಕೂಲಿ. ರಾತ್ರಿಯಿಡೀ ಉಸಿರು ಎಣಿಸಿ ಬೆಳಿಗ್ಗೆ ಕೆಲಸಕ್ಕೆ ಹೋಗು ಎಂದು ಅವಳಿಗೆ ಹೇಳುವುದು ಉಪದೇಶವಾಗುತ್ತದೆ, ಆರೈಕೆಯಾಗುವುದಿಲ್ಲ. ಅವಳ ಪಾಲಿಗೆ ಸಿರಪ್ ಎಂದರೆ ನಾಲ್ಕು ತಾಸಿನ ನಿದ್ದೆ, ಮರುದಿನದ ಸಂಬಳ. ಕಾಡಂಚಿನ ಮನೆಯವರಿಗೆ ‘ರಾತ್ರಿಯಾದರೂ ಬನ್ನಿ’ ಎಂದರೆ ಮೊದಲು ಒಂದು ರಿಕ್ಷಾ ಸಿಗಬೇಕು, ಬೈಂದೂರಿನ ಕಡೆಯವರಿಗೆ ಮಣಿಪಾಲ ದೂರದ ದಾರಿ. ಒಳ್ಳೆಯ ತಾಯಿ ಕಾಯುತ್ತಾಳೆ ಎನ್ನುವ ಸಮಾಜ ಅವಳಿಗೆ ಕಾಯುವ ಅನುಕೂಲವನ್ನೂ ಕೊಡಬೇಕಾಗುತ್ತದೆ. ಅದನ್ನು ಕೊಡದೆ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಅಕ್ಕನಿಗೆ ಆ ಅನುಕೂಲ ಇತ್ತು. ಅವಳು, ಭಾವ, ಅಮ್ಮ, ನಾನು ಸರದಿಯಲ್ಲಿ ಎಚ್ಚರವಿದ್ದೆವು. 28, 31, 29 ಎಂದು ಉಸಿರಿನ ಲೆಕ್ಕವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟೆವು. ಗುಟುಕು ಗುಟುಕಾಗಿ ಗಂಜಿ ತೆಳಿ ಕುಡಿಸಿದೆವು. ಎರಡನೆಯ ರಾತ್ರಿ ಅಮ್ಮನೇ “ಕಾಂಬ, ನಾಳೆವರೆಗೆ ಕಾಂಬ” ಅಂದರು.

ನಮ್ಮ ಕಡೆ ‘ಕಾಂಬ’ ಎಂದರೆ ನೋಡೋಣ. ಅದನ್ನು ಮುಂದೂಡುವ ಮಾತಾಗಿಯೂ ಬಳಸುತ್ತೇವೆ. ಸರ್ಕಾರಿ ಕಚೇರಿಯ ‘ಕಾಂಬ’ ಅಂಥದ್ದು. ಮಗುವಿನ ತಲೆದೆಸೆಯ ‘ಕಾಂಬ’ ಬೇರೆ: ಅಲ್ಲಿ ನಿಜವಾಗಿಯೂ ಕಣ್ಣಿಟ್ಟು ನೋಡುತ್ತಿರಬೇಕು, ಯಾವ ಗೆರೆ ದಾಟಿದರೆ ಎದ್ದು ಹೊರಡಬೇಕು ಎಂದು ಮೊದಲೇ ತಿಳಿದಿರಬೇಕು. ಉದಾಸೀನಕ್ಕೂ ಆರೈಕೆಗೂ ಇರುವ ವ್ಯತ್ಯಾಸ ಔಷಧಿ ಕೊಟ್ಟೆವೋ ಬಿಟ್ಟೆವೋ ಎಂಬುದರಲ್ಲಿಲ್ಲ. ಉದಾಸೀನಕ್ಕೆ ಆ ಗೆರೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ.