ಮೊದಲು ಅವಳ ಮಾತು

ಬಸುರಿಯಿರುವ ಮನೆಯಲ್ಲಿ ಎರಡು ಲೆಕ್ಕ ನಡೆಯುತ್ತಿರುತ್ತವೆ. ಅಜ್ಜಿ ತಿಂಗಳು ಎಣಿಸುತ್ತಾರೆ, ಡಾಕ್ಟರು ವಾರ ಎಣಿಸುತ್ತಾರೆ. ಡಾಕ್ಟರ ವಾರಗಳು ಶುರುವಾಗುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ತಾಯಿ ಕಾರ್ಡಿನಲ್ಲಿ ಆರು ವಾರ ಎಂದು ಬರೆದಿದ್ದರೆ ಗರ್ಭ ಕಟ್ಟಿ ಸುಮಾರು ನಾಲ್ಕು ವಾರವಾಗಿದೆ ಅಷ್ಟೆ. ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರಲೇ ಇಲ್ಲ. ಅಜ್ಜಿಯದು ಇನ್ನೂ ಎಚ್ಚರಿಕೆಯ ಲೆಕ್ಕ. ಮೂರು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಹಾಕಬೇಡಿ ಎನ್ನುತ್ತಾರೆ. ನಿಂತ ಗರ್ಭವೆಲ್ಲ ಉಳಿಯುವುದಿಲ್ಲ ಎಂಬುದನ್ನು ಅವರು ತಮ್ಮ ಕಾಲದಲ್ಲಿ ಕಣ್ಣಾರೆ ಕಂಡವರು. ಮೂರು ದಾಟಿದ ಮೇಲೆ ಬಯಕೆ ಊಟ, ಹಸಿರು ಬಳೆ, ಸೀಮಂತ. ನಮ್ಮ ಮನೆಗಳಿಗೆ ಮಗು ಬರುವುದೇ ಹೀಗೆ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು.

ಮನುಷ್ಯಜೀವ ಯಾವಾಗ ಶುರುವಾಗುತ್ತದೆ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಶುಕ್ರ ಶೋಣಿತಗಳ ಜೊತೆ ಆತ್ಮವೂ ಕೂಡಿದಾಗ ಗರ್ಭವಾಗುತ್ತದೆ ಎಂದಿತು ಚರಕ ಸಂಹಿತೆ. ನಾಲ್ಕನೆಯ ತಿಂಗಳಲ್ಲಿ ಹೃದಯ ವ್ಯಕ್ತವಾಗುತ್ತದೆ, ಆಗಿನಿಂದ ಬಸುರಿ ಎರಡು ಹೃದಯದವಳು, ಅವಳ ಬಯಕೆಯನ್ನು ತೀರಿಸದೆ ಬಿಡಬಾರದು ಎಂದಿತು ಸುಶ್ರುತ ಸಂಹಿತೆ. ಭ್ರೂಣಹತ್ಯೆಯನ್ನು ಘೋರ ಪಾಪವೆಂದ ಧರ್ಮಶಾಸ್ತ್ರವೇ, ಗರ್ಭ ತಾನಾಗಿ ಇಳಿದುಹೋದರೆ ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿಯ ಸೂತಕ ಸಾಕು ಎಂದು ಹೇಳಿತು. ಇಸ್ಲಾಮಿನ ಅನೇಕ ಪಂಡಿತರು 120ನೇ ದಿನಕ್ಕೆ ಆತ್ಮ ಪ್ರವೇಶಿಸುತ್ತದೆ ಎನ್ನುತ್ತಾರೆ. ಕ್ಯಾಥೋಲಿಕ್ ಚರ್ಚು ಇಂದು ಗರ್ಭ ಕಟ್ಟಿದ ಕ್ಷಣದಿಂದಲೇ ಅದನ್ನು ಮನುಷ್ಯಜೀವವೆಂದು ಕಾಪಾಡಬೇಕು ಎನ್ನುತ್ತದೆ. ಅದೇ ಚರ್ಚಿನ ದೊಡ್ಡ ಚಿಂತಕ ಥಾಮಸ್ ಅಕ್ವಿನಾಸ್ ಮಾತ್ರ ಭ್ರೂಣಕ್ಕೆ ಆಕಾರ ಮೂಡಿದ ಮೇಲೆ ಮನುಷ್ಯಾತ್ಮ ಬರುತ್ತದೆ ಎಂದು ನಂಬಿದ್ದರು. ವಿಜ್ಞಾನವನ್ನು ಕೇಳಿದರೆ ಅದು ತನಗೆ ಕಂಡದ್ದನ್ನು ಹೇಳುತ್ತದೆ. ಸುಮಾರು 14 ದಿನದವರೆಗೆ ಒಂದು ಭ್ರೂಣ ಒಡೆದು ಅವಳಿಯಾಗಬಹುದು. ಡಾಕ್ಟರ ಲೆಕ್ಕದ ಆರನೇ ವಾರದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ಎದೆಯ ಮಿಡಿತ ಕಾಣಬಹುದು. ಸುಮಾರು 24 ವಾರವಾದ ಮೇಲೆ ಒಳ್ಳೆಯ ಆಸ್ಪತ್ರೆಯ ಆರೈಕೆಯಿದ್ದರೆ ಮಗು ಹೊರಗೂ ಬದುಕಬಹುದು. ಇವುಗಳಲ್ಲಿ ಯಾವ ಹಂತದಲ್ಲಿ ಅದನ್ನು ನಮ್ಮಂತೆಯೇ ಒಬ್ಬ ಮನುಷ್ಯ ಎಂದು ಎಣಿಸಬೇಕು ಎಂಬುದನ್ನು ಯಾವ ಯಂತ್ರವೂ ತೋರಿಸಿಕೊಡುವುದಿಲ್ಲ. ಅದು ನಮ್ಮ ವಿವೇಕಕ್ಕೆ ಬಿಟ್ಟ ವಿಷಯ. ಇಷ್ಟು ಜ್ಞಾನಿಗಳು ಇಷ್ಟು ಬಗೆಯಾಗಿ ಉತ್ತರ ಕೊಟ್ಟಿರುವಾಗ, ನನಗೆ ಗೊತ್ತಿರುವುದೇ ಸರಿ ಎಂದು ಮೇಜು ಗುದ್ದುವವರನ್ನು ಕಂಡರೆ ನನಗೆ ಅಂಜಿಕೆಯಾಗುತ್ತದೆ.

ಹಾಗೆ ಗುದ್ದಿ ಹೇಳಿದ ದೇಶವೊಂದರಲ್ಲಿ ನಮ್ಮ ಬೆಳಗಾವಿಯ ಹೆಣ್ಣುಮಗಳೊಬ್ಬಳು ಪ್ರಾಣ ಬಿಟ್ಟಳು. ಐರ್ಲೆಂಡಿನ ಜನ 1983ರಲ್ಲಿ ಮತ ಹಾಕಿ, ಹುಟ್ಟದ ಕೂಸಿನ ಬದುಕುವ ಹಕ್ಕೂ ತಾಯಿಯ ಬದುಕುವ ಹಕ್ಕೂ ಸಮಾನ ಎಂದು ಸಂವಿಧಾನದಲ್ಲಿ ಬರೆಸಿಕೊಂಡಿದ್ದರು. ಓದುವುದಕ್ಕೆ ಎಷ್ಟು ನ್ಯಾಯವಾಗಿ ಕಾಣುತ್ತದೆ! ಸವಿತಾ ಹಾಲಪ್ಪನವರ ಅಲ್ಲಿಯ ಗಾಲ್ವೇ ಊರಿನಲ್ಲಿ ಗಂಡನೊಡನೆ ನೆಲೆಸಿದ್ದ ದಂತವೈದ್ಯೆ. ವಯಸ್ಸು 31. ಮಗು ಬೇಕೆಂದು ಆಸೆಪಟ್ಟವಳು. 2012ರ ಅಕ್ಟೋಬರ್ 21ರಂದು, 17 ವಾರದ ಬಸುರಿ, ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವಂತಿಲ್ಲ ಎಂದು ಗೊತ್ತಾಯಿತು. ಅಂದಿನ ರಾತ್ರಿ ಕಳೆಯುವುದರೊಳಗೆ ನೀರು ಒಡೆದಿತ್ತು. ಉಳಿಯದ ಗರ್ಭಕ್ಕಾಗಿ ಇನ್ನು ಕಾಯುವುದು ಬೇಡ, ತೆಗೆದುಬಿಡಿ ಎಂದು ಗಂಡ ಹೆಂಡತಿ ಇಬ್ಬರೂ ಕೇಳಿಕೊಂಡರು. ಕೂಸಿನ ಎದೆ ಇನ್ನೂ ಬಡಿದುಕೊಳ್ಳುತ್ತಿದೆ, ತಾಯಿಯ ಪ್ರಾಣಕ್ಕೆ ಸದ್ಯಕ್ಕೆ ಅಪಾಯ ಕಾಣುತ್ತಿಲ್ಲ, ಆದ್ದರಿಂದ ಇಲ್ಲಿನ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೋಲಿಕ್ ಪದ್ಧತಿ ಎಂಬರ್ಥದ ಮಾತನ್ನು ಆಡಿದ್ದುಂಟು ಎಂದು ಅಲ್ಲಿಯ ಹೆರಿಗೆ ನರ್ಸೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಬೇಕೆಂದು ಆಡಿದ್ದಲ್ಲ ಎಂದು ಕ್ಷಮೆಯನ್ನೂ ಕೇಳಿದರು. ಅಷ್ಟರಲ್ಲಿ ರಕ್ತಕ್ಕೆ ನಂಜು ಏರಿತ್ತು. 24ರಂದು ಗರ್ಭ ತಾನಾಗಿಯೇ ಹೊರಬಂತು. 28ರಂದು ಸವಿತಾ ತೀರಿಕೊಂಡಳು. ಮಗಳನ್ನು ನೋಡಿಕೊಂಡು ಬರಲೆಂದು ಹೋಗಿದ್ದ ತಂದೆ ತಾಯಿ ಆ ವಾರವಷ್ಟೇ ಊರಿಗೆ ಮರಳಿದ್ದರು.

ಕಾನೂನನ್ನು ಸಮರ್ಥಿಸುವವರು ಹೇಳುವ ಮಾತೊಂದಿದೆ, ಅದನ್ನೂ ಕೇಳಬೇಕು. ಆಕೆ ಸತ್ತದ್ದು ನಂಜಿನಿಂದ, ನಂಜನ್ನು ವೇಳೆಗೆ ಸರಿಯಾಗಿ ಗುರುತಿಸದ ಅಲಕ್ಷ್ಯದಿಂದ, ಕಾನೂನಿನಿಂದಲ್ಲ ಎನ್ನುತ್ತಾರೆ ಅವರು. ಅಲಕ್ಷ್ಯ ನಡೆದದ್ದು ನಿಜ. ಆಕೆಯನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಎಂದು ಅಲ್ಲಿಯ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ಪಟ್ಟಿ ಮಾಡಿತು. ಆದರೆ ಆಸ್ಪತ್ರೆ ಸೇರಿದ ಮರುದಿನವೋ ಅದರ ಮರುದಿನವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದಳು, ಅಂದಿನ ಕಾನೂನು ಅದಕ್ಕೆ ಎಡೆ ಕೊಡುತ್ತಿರಲಿಲ್ಲ ಎಂದು ಡಬ್ಲಿನ್ನಿನ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. ಪ್ರಾಣಾಪಾಯ ಬರಲಿ, ಆಮೇಲೆ ನೋಡೋಣ ಎಂದು ಕಾಯುವ ವೈದ್ಯನಿಗೆ, ಅಪಾಯ ಯಾವ ಗಳಿಗೆಯಲ್ಲಿ ಬಂತೆಂದು ತಿಳಿಯುವುದಾದರೂ ಹೇಗೆ? ಆ ಕೂಸು ಉಳಿಯುವ ಹಾಗಿರಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎರಡು ಹೃದಯಗಳಲ್ಲಿ ಒಂದರ ಮಿಡಿತವನ್ನು ಯಂತ್ರ ಹಿಡಿದು ಮತ್ತೆ ಮತ್ತೆ ಕೇಳಿದರು. ಇನ್ನೊಂದು ಹೃದಯದವಳು ಬಾಯಿಬಿಟ್ಟು ಹೇಳಿದ್ದನ್ನು ಕೇಳಲಿಲ್ಲ. ಹೊರಬರದ ಗರ್ಭದಲ್ಲಿ ಯಾವ ಅಂಗ ಸಿಕ್ಕಿಕೊಂಡಿದೆಯೋ ಅದನ್ನು ಕತ್ತರಿಸಿಯಾದರೂ ತೆಗೆದು ಹೆಣ್ಣನ್ನು ಪ್ರಯತ್ನಪಟ್ಟು ರಕ್ಷಿಸಬೇಕು ಎಂದು ಸುಶ್ರುತ ಸಂಹಿತೆ ವೈದ್ಯನಿಗೆ ವಿಧಿಸಿತ್ತು. ಅದೇ ಗ್ರಂಥ ಜೀವಂತ ಗರ್ಭಕ್ಕೆ ಶಸ್ತ್ರ ತಾಗಿಸಬಾರದು, ತಾಗಿಸಿದರೆ ತಾಯಿ ಮಗು ಇಬ್ಬರೂ ಸಾಯುತ್ತಾರೆ ಎಂದೂ ಎಚ್ಚರಿಸಿತ್ತು. ಎರಡೂ ವಿಧಿಗಳಲ್ಲಿ ತಾಯಿಯ ಪ್ರಾಣದ ಚಿಂತೆ ಎದ್ದು ಕಾಣುತ್ತದೆ. ಆ ಹಳೆಯ ವೈದ್ಯ ಆತ್ಮ ಯಾವಾಗ ಬರುತ್ತದೆಂದು ಬಲ್ಲೆನೆಂದುಕೊಂಡಿದ್ದವನೇ. ಆದರೂ ಮಂಚದ ಮೇಲಿದ್ದವಳನ್ನು ಮರೆತಿರಲಿಲ್ಲ.

ಐರ್ಲೆಂಡಿನ ಜನ ಸವಿತಾಳನ್ನು ಮರೆಯಲಿಲ್ಲ. 2018ರ ಮೇ 25ರಂದು ಮತ್ತೆ ಮತ ಹಾಕಿ ಸಂವಿಧಾನದ ಆ ತಿದ್ದುಪಡಿಯನ್ನು ಕಿತ್ತುಹಾಕಿದರು. 1983ರಲ್ಲಿ ಅದನ್ನು ಬೇಕೆಂದವರು ಶೇ 66.9, 2018ರಲ್ಲಿ ಬೇಡವೆಂದವರು ಶೇ 66.4. ಒಂದು ನಾಡಿನ ಮನಸ್ಸು 35 ವರ್ಷದಲ್ಲಿ ಹೀಗೆ ಪೂರಾ ಮಗ್ಗುಲು ಬದಲಿಸಿತು. ಆ ದಿನಗಳಲ್ಲಿ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾಳ ಮುಖ ಬರೆದಿದ್ದರು, ಹಣೆಯ ಮೇಲೆ ಬೊಟ್ಟಿತ್ತು. ಮತ ಹಾಕಿ ಬಂದವರು ಆ ಗೋಡೆಗೆ ಸಾಲುಸಾಲಾಗಿ ಚೀಟಿ ಅಂಟಿಸಿ ಹೋದರು, ಕ್ಷಮಿಸು ಎಂದು ಬರೆದ ಚೀಟಿಗಳೇ ಎಷ್ಟೋ. ತಮ್ಮ ಮಗಳಿಗೆ ಬಂದ ಗತಿ ಇನ್ನೊಬ್ಬಳಿಗೆ ಬಾರದಿರಲಿ ಎಂದು ಬೆಳಗಾವಿಯಿಂದ ಆ ಮತದಾರರನ್ನು ಬೇಡಿಕೊಂಡಿದ್ದವರು ಸವಿತಾಳ ತಂದೆ.

ಸವಿತಾ ಆ ವಾರ ಬೆಳಗಾವಿಯಲ್ಲೇ ಇದ್ದಿದ್ದರೆ ನಮ್ಮ ಕಾನೂನು ಆಕೆಯ ಪರವಾಗಿರುತ್ತಿತ್ತು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್‌ನಿಂದಲೇ ಜಾರಿಯಲ್ಲಿದೆ. 17 ವಾರಕ್ಕೆ ಆಗ ಇಬ್ಬರು ವೈದ್ಯರ ಅಭಿಪ್ರಾಯ ಸಾಕಿತ್ತು, 2021ರ ತಿದ್ದುಪಡಿಯ ಮೇಲೆ ಒಬ್ಬರದು ಸಾಕು. ತಾಯಿಯ ಪ್ರಾಣ ಉಳಿಸಲು ತಕ್ಷಣ ಬೇಕಾದಾಗಲಂತೂ ವಾರದ ಮಿತಿಯೇ ಇಲ್ಲ. ಹಾಗೆಂದು ನಮ್ಮಲ್ಲಿ ಎಲ್ಲವೂ ಬಗೆಹರಿದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎರಡು ಮಕ್ಕಳ ತಾಯಿಯೊಬ್ಬಳು ಬಂದಳು. ಕಿರಿಯ ಮಗುವಿಗೆ ಹಾಲೂಡಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಮತ್ತೆ ಬಸುರಾದದ್ದು ತಿಳಿಯುವ ಹೊತ್ತಿಗೆ ಸುಮಾರು 24 ವಾರವಾಗಿತ್ತು. ಬಾಣಂತನದ ಮಾನಸಿಕ ಕಾಯಿಲೆಗೆ ಔಷಧಿ ನಡೆದಿತ್ತು. ನ್ಯಾಯಪೀಠದಲ್ಲಿದ್ದ ಇಬ್ಬರೂ ಮಹಿಳೆಯರು. ಬದುಕುವಂತಿರುವ ಭ್ರೂಣದ ಮಿಡಿತ ನಿಲ್ಲಿಸಿ ಎನ್ನಲು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಮನಸ್ಸು ಒಪ್ಪಲಿಲ್ಲ. ಆ ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೊನೆಗೆ ಮೂವರು ನ್ಯಾಯಮೂರ್ತಿಗಳ ಪೀಠ ಅನುಮತಿ ನಿರಾಕರಿಸಿತು. ಆ ಇಬ್ಬರಲ್ಲಿ ಯಾರನ್ನೂ ನಿರ್ದಯಿ ಎನ್ನಲಾರೆ. ಮಗು ಹೊರಗೂ ಬದುಕಬಲ್ಲ ಹಂತಕ್ಕೆ ಬಂದ ಮೇಲೆ ಪ್ರಶ್ನೆ ನಿಜಕ್ಕೂ ಕಠಿಣವಾಗುತ್ತದೆ. ತಡವಾದಷ್ಟೂ ನೋವು ಎಲ್ಲರಿಗೂ ಹೆಚ್ಚು.

ಗಾಲ್ವೇಯನ್ನು ಬೈದು ಸುಮ್ಮನಾಗುವ ಹಕ್ಕು ನಮಗಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಜಾಲವನ್ನು ಓದುಗರು ಮರೆತಿರಲಾರರು. ಮಂಡ್ಯದ ಬಳಿ ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದರು. ಹೆಣ್ಣೆಂದು ಗೊತ್ತಾದರೆ ಮುಂದಿನ ಏರ್ಪಾಟೂ ಸಿದ್ಧವಿರುತ್ತಿತ್ತು. ಲಿಂಗಪತ್ತೆಯನ್ನು ನಿಷೇಧಿಸಿ 1994ರಲ್ಲೇ ಕಾನೂನು ಬಂದಿದೆ. ಆ ಆಲೆಮನೆಯಲ್ಲಿ ಗರ್ಭದ ಜೀವಕ್ಕೆ ಕಿಂಚಿತ್ತೂ ಬೆಲೆಯಿರಲಿಲ್ಲ, ಗಾಲ್ವೇಯಲ್ಲಿ ಅದಕ್ಕೆ ತಾಯಿಯ ಪ್ರಾಣದಷ್ಟೇ ಬೆಲೆಯಿತ್ತು. ಮೇಲುನೋಟಕ್ಕೆ ಒಂದಕ್ಕೊಂದು ಎದುರು. ಹತ್ತಿರ ಹೋಗಿ ನೋಡಿದರೆ ಎರಡು ಕಡೆಯೂ ಬಸುರಿಯ ಮಾತಿಗೆ ಜಾಗವಿಲ್ಲ. ಒಂದು ಕಡೆ ಅವಳು ಬೇಡಿದರೂ ಕಾನೂನಿನ ಹೆಸರಿನಲ್ಲಿ ಇಲ್ಲವೆಂದರು. ಇನ್ನೊಂದು ಕಡೆ, ನಿನಗೇನು ಬೇಕಮ್ಮ ಎಂದು ಅವಳನ್ನು ಕೇಳುವವರೇ ಕಡಿಮೆ; ಗಂಡ, ಅತ್ತೆ, ಮಾವ ಸೇರಿ ಕಾರು ಹತ್ತಿಸುತ್ತಾರೆ. ನನಗೆ ತಿಳಿದ ಮಟ್ಟಿಗೆ ಈ ವಾದದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ಜೀವ ಎಂದು ಶುರುವಾಯಿತೆಂಬುದರ ಬಗ್ಗೆ ನೀವು ಒಂದು ನಂಬಬಹುದು, ನಾನು ಇನ್ನೊಂದು ನಂಬಬಹುದು. ಅವಳು ಜೀವಂತವಾಗಿದ್ದಾಳೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲವಷ್ಟೆ. ಮಾತು ಅಲ್ಲಿಂದ ಶುರುವಾಗಲಿ.

ಹಾಗಾದರೆ ಮನೆ ನಡೆಸುವ ನಾವು ಮಾಡಬೇಕಾದದ್ದೇನು? ಮದುವೆಯಾಗಿ ಆರು ತಿಂಗಳಾದವಳನ್ನು ಏನಮ್ಮ ವಿಶೇಷ ಎಂದು ಕೆಣಕುವುದನ್ನು ಬಿಡಬಹುದು. ಗರ್ಭ ಇಳಿದು ಮಲಗಿದವಳ ಮುಂದೆ ಯಾರ ದೃಷ್ಟಿ, ಯಾವ ದೋಷ ಎಂದು ಹುಡುಕದೆ ಒಂದು ಲೋಟ ಬಿಸಿ ಗಂಜಿ ಕೊಟ್ಟು ಕೂರಬಹುದು. ಹಾಲೂಡಿಸುವಾಗ ಮುಟ್ಟು ಬಾರದಿದ್ದರೂ ಗರ್ಭ ನಿಲ್ಲಬಹುದು ಎಂಬುದನ್ನು ಬಾಣಂತಿಗೂ ಅವಳ ಗಂಡನಿಗೂ ತಿಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳು ತಪ್ಪಿದ ಮಗಳೋ ಸೊಸೆಯೋ ಹೆದರಿಕೆಯಿಲ್ಲದೆ ನಮ್ಮ ಹತ್ತಿರ ಬಂದು ಹೇಳುವಂತೆ ಇರಬೇಕು. ಅವಳು ಹೇಳಿದ ದಿನ ಬೈಗುಳಕ್ಕೆ ಕೂರಬೇಡಿ. ಔಷಧಿ ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದುಕೊಡಬೇಡಿ. ಸರ್ಕಾರಿ ಆಸ್ಪತ್ರೆಗೋ ಅನುಮತಿ ಪಡೆದ ಬೇರೆ ಆಸ್ಪತ್ರೆಗೋ ಕರೆದುಕೊಂಡು ಹೋಗಿ, ವೈದ್ಯರ ಮುಂದೆ ಅವಳೇ ಮಾತಾಡಲು ಬಿಡಿ. 18 ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ಅವಳ ಹೆಸರನ್ನು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ಮಗು ಬೇಕು ಎಂದು ಅವಳು ಹೇಳಿದರೆ ಬೇಡವೆಂದು ಒತ್ತಾಯಿಸುವ ಅಧಿಕಾರ ಮನೆಯ ಯಾರಿಗೂ ಇಲ್ಲ ಎಂಬುದನ್ನೂ ದಯವಿಟ್ಟು ನೆನಪಿಡಿ.