ಕೊಟ್ಟಿಗೆಯ ಸತ್ಯ

ಹಸುವಿಗೆ ರೋಗ ತಗುಲಿದರೆ ಅದನ್ನು ಊರಿಗೆ ತಿಳಿಸತಕ್ಕದ್ದೇ, ಮನೆಯೊಳಗೆ ಅಡಗಿಸಿಡಬಹುದೇ? ಪ್ರಶ್ನೆಯು ಅಲ್ಪವೆಂದು ತೋರಬಹುದು. ವಿಚಾರಿಸಿದರೆ ಇದು ಸತ್ಯಧರ್ಮದ ಪ್ರಶ್ನೆಯೇ ಆಗಿದೆ.

ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯುವುದಕ್ಕಾಗಿ ನಮ್ಮ ದೇಶದಲ್ಲಿ 2009ರಲ್ಲಿ ಒಂದು ಶಾಸನವು ಏರ್ಪಟ್ಟಿತು. ಅದರಲ್ಲಿ ಹೆಸರಿಸಿದ ರೋಗವು ತನ್ನ ಪ್ರಾಣಿಗೆ ತಗುಲಿದೆಯೆಂದು ನಂಬಲು ಕಾರಣವುಳ್ಳ ಒಡೆಯನು ಆ ಸಂಗತಿಯನ್ನು ಗ್ರಾಮಾಧಿಕಾರಿಗೋ ಪಂಚಾಯತಿಗೋ ತಿಳಿಸಬೇಕು, ಆ ಪ್ರಾಣಿಯನ್ನು ಬೇರೆಯಾಗಿ ಕಟ್ಟಬೇಕು, ಸಂತೆಗೆ ಒಯ್ಯಕೂಡದು. ಔಷಧಿ ಕೊಟ್ಟ ಹಸುವಿನ ಹಾಲನ್ನು ನಿಯತವಾದ ದಿನಗಳು ಕಳೆಯುವವರೆಗೆ ಮಾರಲಾಗದೆಂಬುದು ಆಹಾರಶುದ್ಧಿಯ ನಿಯಮ.

ಇಲ್ಲಿ ಪೂರ್ವಪಕ್ಷವೊಂದುಂಟು. ಎರಡು ಹಸುಗಳಿಂದ ಸಂಸಾರ ಸಾಗಿಸುವ ಬಡ ತಾಯಿಯೊಬ್ಬಳು, “ರೋಗವಿದೆಯೆಂದು ಹೇಳಿದರೆ ನಾಳೆ ನನ್ನ ಹಾಲನ್ನು ಯಾರು ಕೊಳ್ಳುವರು?” ಎಂದು ಕೇಳಿದರೆ ಉತ್ತರವೇನು? ಆ ಹಾಲನ್ನು ಕುಡಿಯುವ ಪಟ್ಟಣದ ಮಗುವನ್ನು ಅವಳು ಕಂಡವಳಲ್ಲ. ಹಸಿದ ತನ್ನ ಮಗುವಾದರೋ ಕಣ್ಣೆದುರಿಗಿದೆ. ಈ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು.

ಆದರೂ ಮೌನದ ಫಲವನ್ನು ನೋಡಬೇಕು. 2001ರಲ್ಲಿ ಇಂಗ್ಲೆಂಡಿನಲ್ಲಿ ಕಾಲುಬಾಯಿ ರೋಗವು ಹಬ್ಬಿತು. ರೋಗದ ಮೂಲವೆಂದು ಗೊತ್ತಾದ ಹಂದಿಸಾಕಣೆಯ ಒಡೆಯನು ಅದನ್ನು ಅಧಿಕಾರಿಗಳಿಗೆ ತಿಳಿಸಿರಲಿಲ್ಲವೆಂಬುದು ಮುಂದೆ ನ್ಯಾಯಾಲಯದಲ್ಲಿ ಸಿದ್ಧವಾಯಿತು. ಅಷ್ಟರೊಳಗೆ ಸಂತೆಗಳ ಮಾರ್ಗವಾಗಿ ಕುರಿಗಳೊಡನೆ ರೋಗವು ದೇಶದ ನಾನಾ ಭಾಗಗಳನ್ನು ಸೇರಿತ್ತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಅವುಗಳಲ್ಲಿ ರೋಗವಿಲ್ಲದವೂ ಅನೇಕವಿದ್ದುವು. ಒಂದು ಕೊಟ್ಟಿಗೆಯ ಮೌನಕ್ಕೆ ನೂರಾರು ಕೊಟ್ಟಿಗೆಗಳು ಬರಿದಾದುವು.

ಇದಕ್ಕೆ ಪ್ರತಿಯಾಗಿ ದೊಡ್ಡರೋಗದ ಕಥೆಯನ್ನು ನೆನೆಯಬಹುದು. ಹಿಂಡುಹಿಂಡಾಗಿ ದನಗಳನ್ನು ನುಂಗುತ್ತಿದ್ದ ಆ ರೋಗದ ನಿವಾರಣೆಗಾಗಿ 1925ರಲ್ಲಿಯೇ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾಯಿತು. 2006ರಲ್ಲಿ ಭಾರತವೂ 2011ರಲ್ಲಿ ಸಮಸ್ತ ಪ್ರಪಂಚವೂ ಆ ರೋಗದಿಂದ ಮುಕ್ತವೆಂದು ಘೋಷಿತವಾದುವು. ಇದು ಲಸಿಕೆಯೊಂದರಿಂದಲೇ ಆದ ಕಾರ್ಯವಲ್ಲ. ಕಡೆಯ ಹಂತದಲ್ಲಿ ಲಸಿಕೆಯನ್ನು ನಿಲ್ಲಿಸಿ, ರೋಗದ ಸುಳಿವೆಲ್ಲಾದರೂ ಉಳಿದಿದೆಯೇ ಎಂದು ಊರೂರಿನಲ್ಲಿ ಹುಡುಕಿದರು. ಕೇಳಿದವರಿಗೆ ದನಗಾಹಿಯು ನಿಜವನ್ನು ನುಡಿಯದಿದ್ದರೆ ಆ ಹುಡುಕಾಟಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಆದುದರಿಂದ ಸಿದ್ಧಾಂತವಿಷ್ಟು: ರೋಗವನ್ನು ಬಲ್ಲವನ ಮೌನವೂ ಅನೃತವೇ. ಹಸುವು ಮೂಕ, ಹಾಲು ಕುಡಿಯುವವನು ದೂರದಲ್ಲಿರುವವನು, ಇಬ್ಬರ ಪರವಾಗಿಯೂ ನುಡಿಯಬಲ್ಲವನು ಒಡೆಯನೊಬ್ಬನೇ. ಆದರೆ ಈ ಧರ್ಮಕ್ಕೆ ಇನ್ನೊಂದು ಪಾರ್ಶ್ವವಿದೆ. ನಿಜ ನುಡಿದವನೊಬ್ಬನೇ ನಷ್ಟಹೊಂದುವ ಊರಿನಲ್ಲಿ ಸತ್ಯವು ಬಹುದಿನ ಬಾಳಲಾರದು. ಲೋಕಹಿತಕ್ಕಾಗಿ ಒಬ್ಬನ ಪ್ರಾಣಿಯನ್ನು ಬಲಿಗೊಡುವ ಸರಕಾರವು ಅವನ ನಷ್ಟವನ್ನು ತುಂಬಿಕೊಡುವುದು ದಯೆಯಲ್ಲ, ಋಣ.

ಆ ಋಣದಲ್ಲಿ ಹಾಲು ಕೊಳ್ಳುವ ನಮ್ಮ ಪಾಲೂ ಉಂಟು. “ಹಸುವಿಗೆ ಔಷಧಿ ಹಾಕಿದೆ, ನಾಲ್ಕು ದಿನ ಹಾಲಿಲ್ಲ, ತಾಯಿ” ಎಂದು ಬಾಗಿಲಲ್ಲಿ ಬಂದು ಹೇಳಿದವಳನ್ನು ಬಿಟ್ಟು ನಾವು ಬೇರೆಯವರಲ್ಲಿ ವರ್ತನೆ ಹಿಡಿದರೆ, ಮುಂದಿನ ಸಲ ಅವಳು ಹೇಳಲಾರಳು. ಆಗ ಸುಳ್ಳಿನ ದೋಷವು ಅವಳೊಬ್ಬಳದೇ ಆಗುವುದೇ? ವಾಚಕರು ತಮ್ಮ ತಮ್ಮ ಮನೆಗಳಲ್ಲಿ ಇದನ್ನು ವಿಚಾರಿಸಬೇಕು.