ಒತ್ತಿದ ಅಕ್ಷರ, ಆಡದ ಮಾತು

ವೈರ್‌ಲೆಸ್ ಕೀಬೋರ್ಡಿನಲ್ಲಿ ಒತ್ತಿದ ಪ್ರತಿ ಅಕ್ಷರವೂ ರೇಡಿಯೊ ಸಂಕೇತವಾಗಿ, ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗದಲ್ಲಿ, ಸುತ್ತಲೂ ಹರಡುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದ ಡಾಂಗಲ್ ಅದನ್ನು ಹಿಡಿದುಕೊಳ್ಳುತ್ತದೆ. ಆದರೆ ಸಂಕೇತ ಅಲ್ಲಿಗೇ ನಿಲ್ಲದೆ ಗೋಡೆಯನ್ನೂ ದಾಟುತ್ತದೆ. ಗೂಢಲಿಪಿಯ ರಕ್ಷಣೆ ಇಲ್ಲದಿದ್ದರೆ ತಕ್ಕ ಸಾಧನವಿರುವ ಯಾರಾದರೂ ಅದನ್ನು ಓದಬಹುದು. ಪಾಸ್‌ವರ್ಡ್ ಕಳವಾಗುವುದು ಎದ್ದು ಕಾಣುವ ಅಪಾಯ. ಅದರ ಅಡಿಯಲ್ಲಿ ಹಳೆಯ ತಾತ್ವಿಕ ಪ್ರಶ್ನೆಯೊಂದಿದೆ: ಮನಸ್ಸಿನಲ್ಲಿರುವುದು ಮಾತಾಗುವುದು ಯಾವಾಗ, ಆ ಮಾತು ಯಾರದು?

ವೈಯಾಕರಣ ಭರ್ತೃಹರಿಯ 'ವಾಕ್ಯಪದೀಯ' ವಾಕ್ಕಿನ ಮೂರು ಹಂತಗಳನ್ನು ಹೇಳುತ್ತದೆ. ಪದಗಳಾಗಿ ಇನ್ನೂ ಬಿಡಿಬಿಡಿಯಾಗದ ಅರಿವು ಪಶ್ಯಂತೀ. ಮನಸ್ಸಿನೊಳಗೇ ಪದಗಳು ಕ್ರಮಗೊಳ್ಳುವುದು ಮಧ್ಯಮಾ. ಇನ್ನೊಬ್ಬರ ಕಿವಿಗೆ ಬೀಳುವುದು ವೈಖರೀ. ಮುಂದೆ ಕಾಶ್ಮೀರದ ಶೈವ ದಾರ್ಶನಿಕರು ಇವುಗಳ ಮೇಲೆ ಪರಾ ಎಂಬ ಹಂತವನ್ನಿಟ್ಟರು. ಟೈಪ್ ಮಾಡುವ ಕೈ ಮಧ್ಯಮಾ ಮತ್ತು ವೈಖರೀಗಳ ನಡುವೆ ಕೆಲಸ ಮಾಡುತ್ತದೆ. ರಾಜೀನಾಮೆ ಬರೆಯಲು ಕುಳಿತವರು 'ಇಲ್ಲಿ ನನಗೆ ಅನ್ಯಾಯವಾಗಿದೆ' ಎಂದು ಬರೆದು, ಅಳಿಸಿ, 'ವೈಯಕ್ತಿಕ ಕಾರಣಗಳಿಂದ' ಎಂದು ಬರೆಯುತ್ತಾರೆ. ಮೇಲಧಿಕಾರಿಗೆ ತಲುಪುವುದು ಎರಡನೆಯದು ಮಾತ್ರ. ಹೊಂಚುಹಾಕಿದವನಿಗೆ ಮೊದಲನೆಯದೂ ಸಿಗುತ್ತದೆ, ಅಳಿಸಲು ಒತ್ತಿದ ಬ್ಯಾಕ್‌ಸ್ಪೇಸ್ ಕೂಡ ಸಿಗುತ್ತದೆ. ಆಡಬಾರದೆಂದು ನಿರ್ಧರಿಸಿದ ಮಾತು ಪರರ ಪಾಲಾಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಭದ್ರತಾ ಸಂಶೋಧಕ ಸ್ಯಾಮಿ ಕಾಮ್‌ಕಾರ್ 2015ರಲ್ಲಿ ತೋರಿಸಿದ 'ಕೀಸ್ವೀಪರ್' ನೋಡಲು ಗೋಡೆಗೆ ಸಿಕ್ಕಿಸಿದ ಮೊಬೈಲ್ ಚಾರ್ಜರ್. ಒಳಗೊಳಗೇ ಅದು ಮೈಕ್ರೋಸಾಫ್ಟ್‌ನ ಕೆಲವು ಕೀಬೋರ್ಡುಗಳ ಅಕ್ಷರಗಳನ್ನು ಸಂಗ್ರಹಿಸುತ್ತಿತ್ತು. 2016ರ ಜುಲೈನಲ್ಲಿ ಅಮೆರಿಕದ ಬ್ಯಾಸ್ಟಿಲ್ ಸಂಸ್ಥೆ 'ಕೀಸ್ನಿಫರ್' ದೋಷವನ್ನು ಬಯಲಿಗಿಟ್ಟಿತು: ಎಂಟು ತಯಾರಕರ ಅಗ್ಗದ ಕೀಬೋರ್ಡುಗಳಲ್ಲಿ ಗೂಢಲಿಪಿಯೇ ಇರಲಿಲ್ಲ, ಸುಮಾರು 75 ಮೀಟರ್ ದೂರದಿಂದಲೂ ಓದಬಹುದಿತ್ತು.

ತಪ್ಪು ಮಾಡದವರಿಗೆ ಮುಚ್ಚಿಡಲು ಏನಿದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮಾತನ್ನು ತೂಗಿ ನೋಡಿ, ಬೇಡವೆನಿಸಿದರೆ ಬಿಟ್ಟುಬಿಡುವುದು ವಿವೇಕದ ಲಕ್ಷಣ. ಅದಕ್ಕೆ ಏಕಾಂತ ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ಅದನ್ನು ವ್ಯಕ್ತಿಯ ಘನತೆಯೊಂದಿಗೆ ಜೋಡಿಸಿದ್ದೂ ಇದೇ ಕಾರಣಕ್ಕೆ ಮುಖ್ಯವಾಗುತ್ತದೆ.

ಎರಡನೆಯ ಅಪಾಯ ಮಾತಿನ ಕಳವಿಗೆ ತದ್ವಿರುದ್ಧ: ಬೇರೆಯವರ ಮಾತು ನಮ್ಮ ಹೆಸರಿಗೆ ಬೀಳುವುದು. 2016ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ 'ಮೌಸ್‌ಜ್ಯಾಕ್' ದೋಷದಿಂದ ಹೊರಗಿನವರು ಡಾಂಗಲ್‌ಗೆ ನಕಲಿ ಅಕ್ಷರಗಳನ್ನು ಕಳುಹಿಸಬಹುದಿತ್ತು. 2023ರ ಡಿಸೆಂಬರಿನಲ್ಲಿ ಆಂಡ್ರಾಯ್ಡ್, ಲಿನಕ್ಸ್ ಮತ್ತು ಆಪಲ್ ಸಾಧನಗಳ ಬ್ಲೂಟೂತ್‌ನಲ್ಲೂ ಇಂಥದೇ ದೋಷ ಕಂಡುಬಂತು. ಕಂಪ್ಯೂಟರಿನ ಪಾಲಿಗೆ ಆ ಅಕ್ಷರಗಳೆಲ್ಲ ಒಡೆಯನವೇ. ತ್ರಿಕರಣಗಳಾದ ಕಾಯ, ವಾಕ್ಕು, ಮನಸ್ಸು ಒಂದಾದಾಗ ಮಾತಿಗೆ ಹೊಣೆ ಹುಟ್ಟುತ್ತದೆ. ಇಲ್ಲಿ ಮನಸ್ಸೂ ಇಲ್ಲ, ಕೈಯೂ ಇಲ್ಲ. ಮಾತು ಮಾತ್ರ ಒಡೆಯನ ಹೆಸರಿನಲ್ಲಿ ಉಳಿಯುತ್ತದೆ. ಆದ್ದರಿಂದ ಯಂತ್ರದ ದಾಖಲೆಯೊಂದನ್ನೇ ನಂಬಿ ಯಾರನ್ನೂ ತಪ್ಪಿತಸ್ಥರೆನ್ನುವುದು ನ್ಯಾಯವಲ್ಲ.

ಹಾಗಾದರೆ ಹೊಣೆ ಯಾರದು? ಕೊಳ್ಳುವವರಿಗೆ ತರಂಗ ಕಾಣುವುದಿಲ್ಲ, ಅದರೊಳಗಿನ ಗೂಢಲಿಪಿಯನ್ನು ಪರೀಕ್ಷಿಸುವ ದಾರಿಯೂ ಇಲ್ಲ. ತಿಳಿದವರ ಮೇಲೆ, ಅಂದರೆ ತಯಾರಕರ ಮೇಲೆ, ಮೊದಲ ಹೊಣೆ ಬೀಳುತ್ತದೆ. ಕೀಸ್ನಿಫರ್‌ಗೆ ಸಿಕ್ಕ ಕೀಬೋರ್ಡುಗಳನ್ನು ಸಾಫ್ಟ್‌ವೇರ್ ಮೂಲಕ ಸರಿಪಡಿಸಲು ಆಗದೆ, ಬದಲಾಯಿಸುವುದೊಂದೇ ದಾರಿಯಾಯಿತು. ಬಳಸುವವರ ಹೊಣೆ ಅವರ ತಿಳಿವಿನಷ್ಟು: ಬ್ಯಾಂಕ್ ವ್ಯವಹಾರಕ್ಕೆ, ಪರರ ಗುಟ್ಟನ್ನು ಕಾಯಬೇಕಾದ ಕೆಲಸಕ್ಕೆ ತಂತಿಯ ಕೀಬೋರ್ಡ್ ಬಳಸುವುದು, ಉಳಿದಂತೆ ಅಪ್‌ಡೇಟ್‌ಗಳನ್ನು ತಪ್ಪಿಸದಿರುವುದು. ತಂತಿಯೂ ಪೂರ್ಣ ರಕ್ಷಣೆಯಲ್ಲ. ಅದು ಸೂಸುವ ವಿದ್ಯುತ್ಕಾಂತೀಯ ಅಲೆಗಳಿಂದ ಅಕ್ಷರಗಳನ್ನು ಹಿಡಿಯಬಹುದೆಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು 2009ರಲ್ಲೇ ತೋರಿಸಿದ್ದರು. ಪೂರ್ಣ ರಕ್ಷಣೆ ಅಸಾಧ್ಯವೆಂಬುದು ಹೊಣೆಯನ್ನು ಕಳಚುವುದಿಲ್ಲ. ಆಡದ ಮಾತು ಆಡದವರದಾಗಿಯೇ ಉಳಿಯುವಂತೆ, ಆಡಿದ ಮಾತಿಗೆ ಆಡಿದವರೇ ಒಡೆಯರಾಗಿರುವಂತೆ ನೋಡಿಕೊಳ್ಳುವುದು ಕೀಬೋರ್ಡನ್ನು ಮಾಡುವವರ, ಮಾರುವವರ ಧರ್ಮ.